ಮೂವತ್ತು ದಾಟಿದ ಮೇಲೆ ಗಡಿಯಾರ ನಿಲ್ಲಿಸೋ ಹಾಗಿಲ್ಲ

ನಾವಿರುವ ಓಹಾಯೋದಲ್ಲಿ ಮಳೆಗಾಲ, ಚಳಿಗಾಲ ಅಂತ ಲೆಕ್ಕ ಹಾಕುವ ಹಾಗೆ ಫುಟ್ಬಾಲ್ ಕಾಲವೂ ಒಂದಿದೆ. ಆಗಸ್ಟ್ ಕೊನೆಯಿಂದ ಶುರುವಾದರೆ ಪ್ರತಿ ಶುಕ್ರವಾರ ಸಂಜೆ ಊರಿಗೆ ಊರೇ ಹೈಸ್ಕೂಲ್ ಮೈದಾನದಲ್ಲಿರುತ್ತದೆ. ಕಾಲಲ್ಲಿ ಒದೆಯುವ ಫುಟ್ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬೀಳುವ ಅಮೆರಿಕನ್ ಫುಟ್ಬಾಲ್. ನನ್ನ ಮಗಳು ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಅವಳನ್ನು ಬಿಡುವುದು, ಕರೆದುಕೊಂಡು ಬರುವುದು ಹೇಗೂ ನನ್ನ ಪಾಲಿನ ಕೆಲಸ. ಒಂದು ಶುಕ್ರವಾರ ಗಡಿಯಾರ ನೋಡಿಕೊಳ್ಳುವವರಿಗೆ ಹುಷಾರಿರಲಿಲ್ಲ. ಯಾರಾದರೂ ಬರ್ತೀರಾ ಅಂತ ಕೇಳಿದರು, ನಾನು ಹೋದೆ. ಆಮೇಲೆ ಆರು ಸೀಸನ್ ಅಲ್ಲೇ ಕೂತೆ. ಮಗಳು ಕಾಲೇಜಿಗೆ ಹೋದ ಮೇಲೂ ಬಿಟ್ಟಿಲ್ಲ.

ಕೆಲಸ ನೋಡೋಕೆ ಸುಲಭ. ಮೈದಾನದ ಮೇಲೆ ಪ್ರೆಸ್ ಬಾಕ್ಸ್ ಅಂತ ಒಂದು ಸಣ್ಣ ಕೋಣೆ. ಎದುರಿಗೆ ಸ್ಕೋರ್‌ಬೋರ್ಡಿನ ಕನ್ಸೋಲ್, ಅದರಿಂದ ಒಂದು ವೈರ್, ವೈರಿನ ತುದಿಯಲ್ಲಿ ಅಂಗೈಯಲ್ಲಿ ಹಿಡಿಯುವ ಸ್ವಿಚ್. ಕ್ವಾರ್ಟರ್‌ಗೆ 12 ನಿಮಿಷ, ಒಟ್ಟು ನಾಲ್ಕು. ಆದರೆ 48 ನಿಮಿಷದ ಆಟಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ, ಯಾಕಂದರೆ ಗಡಿಯಾರ ಮತ್ತೆ ಮತ್ತೆ ನಿಲ್ಲುತ್ತದೆ. ಪಾಸ್ ಕೈಗೆ ಸಿಗದೆ ನೆಲಕ್ಕೆ ಬಿತ್ತಾ, ನಿಲ್ಲಿಸು. ಚೆಂಡು ಹಿಡಿದವನು ಗೆರೆ ದಾಟಿ ಹೊರಗೆ ಹೋದನಾ, ನಿಲ್ಲಿಸು. ರೆಫ್ರಿ ತಲೆಯ ಮೇಲೆ ಎರಡೂ ಕೈ ಅಡ್ಡಡ್ಡ ಬೀಸಿದರೆ ನಿಲ್ಲಿಸಬೇಕು, ಒಂದು ಕೈ ಗಿರ್ರನೆ ಸುತ್ತಿದರೆ ಬಿಡಬೇಕು. ನಾಲ್ಕೈದು ವಾರದಲ್ಲಿ ಇದು ತಲೆಯಿಂದ ಇಳಿದು ಬೆರಳಿಗೆ ಬಂತು. ಚೆಂಡು ನೆಲ ಮುಟ್ಟುವ ಹೊತ್ತಿಗೆ ಹೆಬ್ಬೆರಳು ತಾನೇ ಒತ್ತಿರುತ್ತಿತ್ತು.

ಈ ಅಭ್ಯಾಸವನ್ನೇ ಒಂದು ರಾತ್ರಿ ಬಿಡಬೇಕಾಗಿ ಬಂತು.

ಓಹಾಯೋದ ನಿಯಮ ಹೀಗಿದೆ. ಮೊದಲರ್ಧ ಮುಗಿದ ಮೇಲೆ ಎರಡು ತಂಡಗಳ ನಡುವೆ 30 ಪಾಯಿಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತರ ಬಂದರೆ ಗಡಿಯಾರ ಓಡುತ್ತಲೇ ಇರಬೇಕು. ಪಾಸ್ ತಪ್ಪಿದರೂ ಓಡಬೇಕು, ಚೆಂಡು ಹೊರಗೆ ಹೋದರೂ ಓಡಬೇಕು. ಟೈಮ್‌ಔಟ್, ಯಾರಿಗಾದರೂ ಪೆಟ್ಟಾಗುವುದು, ಸ್ಕೋರ್ ಆಗುವುದು, ಹೀಗೆ ಕೆಲವೇ ಕಡೆ ನಿಲ್ಲಿಸಬಹುದು. ಇದಕ್ಕೆ ರನ್ನಿಂಗ್ ಕ್ಲಾಕ್ ಅನ್ನುತ್ತಾರೆ, ಜನ ಮಾತಾಡುವಾಗ ಮರ್ಸಿ ರೂಲ್ ಅಂತಾರೆ. ಪಕ್ಕದ ಮಿಷಿಗನ್, ಪೆನ್ಸಿಲ್ವೇನಿಯಾಗಳಲ್ಲಿ ಈ ಅಂತರ 35, ಇಲಿನಾಯ್‌ನಲ್ಲಿ 40. ಟೆಕ್ಸಾಸ್‌ನ ಸಣ್ಣ ಊರುಗಳಲ್ಲಿ ತಂಡಕ್ಕೆ ಆರೇ ಜನ ಆಡುವ ಫುಟ್ಬಾಲ್ ಇದೆ. ಅಲ್ಲಿ ಅರ್ಧ ಆಟ ಕಳೆದ ಮೇಲೆ 45 ಪಾಯಿಂಟ್ ಅಂತರ ಬಂದರೆ ಆಟವೇ ಮುಗಿಯಿತು, ಮನೆಗೆ ಹೋಗಬೇಕು.

ಊರಲ್ಲಿ ಕ್ರಿಕೆಟ್ ನೋಡಿ ಬೆಳೆದವನಿಗೆ ಮೊದಲು ಇದೆಲ್ಲ ಯಾಕೆ ಅನ್ನಿಸಿತ್ತು. ಟೆಸ್ಟ್ ಪಂದ್ಯದಲ್ಲಿ ರನ್ ಸಾಕಾದರೆ ಕ್ಯಾಪ್ಟನ್ ಡಿಕ್ಲೇರ್ ಮಾಡುತ್ತಾನೆ, ಅಲ್ವಾ? ಫುಟ್ಬಾಲಿನಲ್ಲಿ ಆ ದಾರಿ ಇಲ್ಲ. ಗೆಲ್ಲುತ್ತಿರುವ ತಂಡ ನಮಗೆ ಸಾಕು ಅಂತ ಕೂರುವ ಹಾಗಿಲ್ಲ, ಚೆಂಡು ಕೈಗೆ ಬಂದರೆ ಆಡಲೇಬೇಕು. ಮೂರನೇ ಸಾಲಿನ ಹುಡುಗನನ್ನು ಕಳಿಸಿದರೂ ಅವನು ಮೊದಲ ಬಾರಿಗೆ ಚೆಂಡು ಸಿಕ್ಕ ಖುಷಿಯಲ್ಲಿ ಜೀವ ಬಿಟ್ಟು ಓಡುತ್ತಾನೆ. ಬೀಳು ಅಂತ ಅವನಿಗೆ ಹೇಳೋಕಾಗುತ್ತಾ? ಹಾಗಾಗಿ ಕಡಿಮೆ ಮಾಡಲು ಉಳಿದಿರುವುದು ಸಮಯ ಒಂದೇ.

ಮಾನದ ಪ್ರಶ್ನೆ ಮಾತ್ರ ಅಲ್ಲ, ಮೈಗೆ ಪೆಟ್ಟಾಗುವ ಪ್ರಶ್ನೆಯೂ ಇದೆ. ಸಣ್ಣ ಶಾಲೆಯ ತಂಡದಲ್ಲಿ ಇಪ್ಪತ್ತೈದು ಹುಡುಗರಿದ್ದರೆ ಹೆಚ್ಚು. ಅಟ್ಯಾಕ್ ಮಾಡುವವರೂ ಅವರೇ, ಡಿಫೆನ್ಸ್ ಮಾಡುವವರೂ ಅವರೇ. ಎದುರಿನ ತಂಡದಲ್ಲಿ ಎಪ್ಪತ್ತು ಜನ, ಪ್ರತಿ ಸಲ ಹೊಸ ಕಾಲು, ಹೊಸ ಉಸಿರು. ಮೂರನೇ ಕ್ವಾರ್ಟರ್ ಹೊತ್ತಿಗೆ ಈ ಕಡೆಯ ಹುಡುಗರು ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು ಮೇಲಿನಿಂದಲೇ ಕಾಣುತ್ತದೆ. ಸುಸ್ತಾದವನು ಎದುರಾಳಿಯನ್ನು ಹಿಡಿದು ಬೀಳಿಸುವಾಗ, ಅಂದರೆ ಟ್ಯಾಕಲ್ ಮಾಡುವಾಗ, ತಲೆ ತಗ್ಗಿಸುತ್ತಾನೆ, ಕುತ್ತಿಗೆಗೆ ಅಪಾಯ ಬರುವುದು ಆಗಲೇ. ಆಂಬುಲೆನ್ಸ್ ಮೈದಾನದೊಳಗೆ ಬರುವುದನ್ನು ನಾನು ಎರಡು ಸಲ ನೋಡಿದ್ದೇನೆ. ಆ ಹೊತ್ತಲ್ಲಿ ಪ್ರೆಸ್ ಬಾಕ್ಸಿನಲ್ಲಿ ಯಾರೂ ಮಾತಾಡುವುದಿಲ್ಲ.

ನನ್ನ ಮೊದಲ ರನ್ನಿಂಗ್ ಕ್ಲಾಕ್ ರಾತ್ರಿ ನಾನು ಮೂರು ಸಲ ತಪ್ಪು ಮಾಡಿದೆ. ಪಾಸ್ ಬಿತ್ತು, ಬೆರಳು ಒತ್ತಿತು, ಗಡಿಯಾರ ನಿಂತಿತು. ಯಾರಾದರೂ ಹೇಳುವಷ್ಟರಲ್ಲಿ ಹತ್ತು, ಹದಿನೈದು ಸೆಕೆಂಡ್ ಹೋಗಿರುತ್ತಿತ್ತು. ಸೋಲುತ್ತಿದ್ದ ತಂಡದ ಕೋಚ್ ಮೂರನೇ ಸಲ ತಲೆ ಎತ್ತಿ ನಮ್ಮ ಕಿಟಕಿಯನ್ನೇ ನೋಡಿದರು. ಕೂಗಲಿಲ್ಲ. ಆ ನೋಟ ನನಗೆ ಈಗಲೂ ನೆನಪಿದೆ. ಅವರ ಹುಡುಗರ ಕಷ್ಟವನ್ನು ನಾನು ಮೇಲೆ ಕೂತು ಉದ್ದ ಮಾಡುತ್ತಿದ್ದೆ.

ಮುಂದಿನ ವಾರದಿಂದ ಒಂದು ಪದ್ಧತಿ ಮಾಡಿಕೊಂಡೆ. ಅಂತರ 30 ಆದ ಕೂಡಲೇ ಸ್ವಿಚ್ಚನ್ನು ಕೈಯಿಂದ ಬಿಟ್ಟು ಮೇಜಿನ ಮೇಲೆ ಇಡುತ್ತೇನೆ. ಪಕ್ಕದಲ್ಲಿ ಸ್ಕೋರ್ ಹಾಕುವವರಿಗೆ "ಈಗ ಓಡ್ತಿದೆ" ಅಂತ ಬಾಯಿಬಿಟ್ಟು ಹೇಳುತ್ತೇನೆ. ನಿಲ್ಲಿಸಬೇಕಾದರೆ ಕೈ ಚಾಚಿ ಸ್ವಿಚ್ ಎತ್ತಿಕೊಳ್ಳಬೇಕು. ಆ ಒಂದು ಸೆಕೆಂಡಿನಲ್ಲಿ, ನಿಜವಾಗಲೂ ನಿಲ್ಲಿಸಬೇಕಾ ಅಂತ ಯೋಚಿಸೋಕೆ ಸಮಯ ಸಿಗುತ್ತದೆ. ಆಟಕ್ಕೆ ಮುಂಚೆ ರೆಫ್ರಿಗಳನ್ನು ಕಂಡಾಗ ಇನ್ನೊಂದು ಮಾತನ್ನೂ ಕೇಳಿಟ್ಟುಕೊಳ್ಳುತ್ತೇನೆ: ಅಂತರ ಬಂದಾಗ ನೀವು ನನಗೆ ಸನ್ನೆ ಮಾಡ್ತೀರಾ, ಇಲ್ಲ ನಾನೇ ಶುರು ಮಾಡಲಾ? ಮೈಕಿನಲ್ಲಿ ಹೇಳುವವರಿಗೂ ಒಂದು ವಿನಂತಿ, ರನ್ನಿಂಗ್ ಕ್ಲಾಕ್ ಶುರುವಾಯಿತು ಅಂತ ಘೋಷಣೆ ಬೇಡ. ಸ್ಕೋರ್‌ಬೋರ್ಡ್ ಎಲ್ಲರಿಗೂ ಕಾಣುತ್ತದೆ. ಹುಡುಗರ ಅಪ್ಪ ಅಮ್ಮ ಕೂತಿರುತ್ತಾರೆ.

ಆದರೆ ಈ ಪದ್ಧತಿಯೂ ಒಂದು ಸಲ ಕೈಕೊಟ್ಟಿತು.

ಅಕ್ಟೋಬರ್ ತಿಂಗಳು, ಕಿಟಕಿಯ ಗಾಜಿಗೆ ಮಂಜು ಹಿಡಿಯುವಷ್ಟು ಚಳಿ. ಮೂರನೇ ಕ್ವಾರ್ಟರ್, ನಮ್ಮ ಶಾಲೆ 37, ಹೊರಗಿನ ತಂಡ ಸೊನ್ನೆ. ಗಡಿಯಾರ ಓಡುತ್ತಿತ್ತು, ಸ್ವಿಚ್ ಮೇಜಿನ ಮೇಲಿತ್ತು. 4:52 ಉಳಿದಿದ್ದಾಗ ಹೊರಗಿನವರು ಒಂದು ಟಚ್‌ಡೌನ್ ಹೊಡೆದರು, ಅಂದರೆ ಚೆಂಡನ್ನು ನಮ್ಮ ತುದಿಯ ಗೆರೆ ದಾಟಿಸಿ ಆರು ಪಾಯಿಂಟ್ ತಗೊಂಡರು. 37–6. ಇನ್ನು ಅವರು ಚೆಂಡನ್ನು ಒದ್ದು ಒಂದು ಪಾಯಿಂಟ್ ತಗೋಬಹುದು, ಇಲ್ಲ ಮೂರು ಗಜದಿಂದ ನುಗ್ಗಿ ಎರಡು ತಗೋಬಹುದು. ಕಿಕ್ಕರ್ ಬರಲೇ ಇಲ್ಲ. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ನುಗ್ಗಿದರು, ಎರಡು ಸಿಕ್ಕಿತು. 37–8.

ಕಿಕ್‌ಆಫ್ ಆಯಿತು, 4:45. ನಮ್ಮವರು ಎಸೆದ ಪಾಸ್ ನೆಲಕ್ಕೆ ಬಿತ್ತು, 4:39. ನಾನು ಕೈ ಚಾಚಲಿಲ್ಲ. ಕೆಳಗೆ ಬಿಳಿ ಟೋಪಿಯ ರೆಫ್ರಿ ತಲೆಯ ಮೇಲೆ ಕೈ ಬೀಸುತ್ತಿದ್ದರು. ಮತ್ತೆ ಬೀಸಿದರು. 37ರಲ್ಲಿ 8 ಕಳೆದರೆ 29! ಕಿಕ್ ತಗೊಂಡಿದ್ದರೆ ಅಂತರ ಸರಿಯಾಗಿ 30 ಇರುತ್ತಿತ್ತು, ಗಡಿಯಾರ ಓಡುತ್ತಲೇ ಇರುತ್ತಿತ್ತು. ಅಂತರ 30ಕ್ಕಿಂತ ಕೆಳಗೆ ಇಳಿದರೆ ಮಾಮೂಲಿ ಗಡಿಯಾರ ವಾಪಸ್ ಬರಬೇಕು. ಆ ಕೋಚ್ ಎರಡು ಪಾಯಿಂಟ್‌ಗೆ ಹೋಗಿದ್ದು ಅದಕ್ಕೇ. ನಾನು ಸ್ವಿಚ್ ಎತ್ತಿ ಒತ್ತುವಷ್ಟರಲ್ಲಿ 4:21.

ರೆಫ್ರಿ ಆಟ ನಿಲ್ಲಿಸಿ 18 ಸೆಕೆಂಡ್ ವಾಪಸ್ ಹಾಕಿ ಅಂದರು. ಕನ್ಸೋಲಿನಲ್ಲಿ ಒಂದೊಂದೇ ಅಂಕಿ ಒತ್ತಿದೆ. ಬೋರ್ಡಿನಲ್ಲಿ 4:39 ಅಂತ ಬಂತು, ನಿಂತುಕೊಂಡಿತು. ಆಗ ಎದುರಿನ ಬೆಂಚಿನಿಂದ ಕೂಗು ಎದ್ದಿತು. 29 ಪಾಯಿಂಟ್ ಹಿಂದಿದ್ದ ಹುಡುಗರು ಹೆಲ್ಮೆಟ್ ಮೇಲೆತ್ತಿ ಕುಣಿಯುತ್ತಿದ್ದರು. ಟಚ್‌ಡೌನ್ ಬಂದಾಗಲೂ ಅಷ್ಟು ಕುಣಿದಿರಲಿಲ್ಲ. ಗಡಿಯಾರ ತಮಗೋಸ್ಕರ ನಿಂತಿದೆ ಅಂತ ಅವರಿಗೆ ಗೊತ್ತಿತ್ತು.

ಆರು ನಿಮಿಷವೂ ಆಗಲಿಲ್ಲ, ನಮ್ಮವರು ಇನ್ನೊಂದು ಟಚ್‌ಡೌನ್ ಹೊಡೆದು 44–8 ಮಾಡಿದರು. ಗಡಿಯಾರ ಮತ್ತೆ ಓಡತೊಡಗಿತು. ಆಟ ಮುಗಿದ ಮೇಲೆ ನಾನು ಕೆಳಗೆ ಇಳಿದು ಆ ಕೋಚ್ ಹತ್ತಿರ ಕ್ಷಮೆ ಕೇಳಿದೆ. ಅವರು ನನ್ನ ಭುಜ ತಟ್ಟಿ, ಅರ್ಧ ಆಟದ ವಿರಾಮದಲ್ಲಿ ಹುಡುಗರಿಗೆ ಒಂದೇ ಗುರಿ ಕೊಟ್ಟಿದ್ದೆ, ಗಡಿಯಾರ ನಿಲ್ಲಿಸಿ ಅಂತ, ಅಂದರು.

ಆ ರಾತ್ರಿಯಿಂದ ಈ ನಿಯಮವನ್ನು ನಾನು ಬೇರೆ ಥರ ನೋಡುತ್ತೇನೆ. ಆಟವನ್ನು ಅಲ್ಲೇ ನಿಲ್ಲಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ನಿಲ್ಲಿಸಿದ್ದರೆ ಆ 37–8 ಬರುತ್ತಲೇ ಇರಲಿಲ್ಲ. ಒಮ್ಮೆ ಓಡಿದರೆ ಮುಗಿಯಿತು, ವಾಪಸ್ ಇಲ್ಲ ಅನ್ನುವುದೂ ಸರಿಯಲ್ಲ. ಓಡಲಿ, ಆದರೆ ಹಿಂದಿರುಗುವ ಬಾಗಿಲು ತೆರೆದಿರಲಿ.

ಗಡಿಯಾರದಿಂದ ಎಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳುವುದಿಲ್ಲ. 2013ರಲ್ಲಿ ಟೆಕ್ಸಾಸ್‌ನ ಅಲೀಡೋ ಶಾಲೆ ಒಂದು ಪಂದ್ಯವನ್ನು 91–0 ಗೆದ್ದಿತು. ದ್ವಿತೀಯಾರ್ಧದಲ್ಲಿ ಗಡಿಯಾರ ಓಡಿಸಿದ್ದರು, ಮುಖ್ಯ ಆಟಗಾರರನ್ನೂ ಹೊರಗೆ ಕೂರಿಸಿದ್ದರು. ಆದರೂ ಎದುರು ತಂಡದ ಒಬ್ಬ ಹುಡುಗನ ತಂದೆ ಕೋಚ್ ಮೇಲೆ ದೂರು ಕೊಟ್ಟರು. ಅಲ್ಲಿನ ಶಾಲಾ ಆಡಳಿತ ವಿಚಾರಿಸಿ ಕೋಚ್ ತಪ್ಪಿಲ್ಲ ಅಂದಿತು, ನನಗೂ ಅದೇ ಸರಿ ಅನ್ನಿಸುತ್ತದೆ. 2021ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಗಲ್‌ವುಡ್ ಶಾಲೆ ಮಾರ್ನಿಂಗ್‌ಸೈಡ್ ಶಾಲೆಯನ್ನು 106–0 ಸೋಲಿಸಿದ ಕಥೆ ಬೇರೆ. ಮೊದಲ ಕ್ವಾರ್ಟರಿನಲ್ಲೇ 59–0. 104 ಆದ ಮೇಲೂ ಎರಡು ಪಾಯಿಂಟ್‌ಗೆ ನುಗ್ಗಿದರು. ಆಮೇಲೆ ಶಾಲೆ ಕ್ಷಮೆ ಕೇಳಿತು. ಅದನ್ನು ಓದಿದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ನಿಯಮ ಶುರುವಾಗುವುದೇ ದ್ವಿತೀಯಾರ್ಧದಲ್ಲಿ ಅನ್ನುವುದು. ಮೊದಲರ್ಧದಲ್ಲೇ ಹೀಗಾದರೆ ಇಬ್ಬರು ಕೋಚ್‌ಗಳೂ ರೆಫ್ರಿಯೂ ಒಪ್ಪಿ ಉಳಿದ ಕ್ವಾರ್ಟರ್‌ಗಳನ್ನು ಚಿಕ್ಕದು ಮಾಡಬಹುದು, ಹೈಸ್ಕೂಲ್ ನಿಯಮ ಪುಸ್ತಕದಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಸೋಲುವವನು ಬಾಯಿಬಿಟ್ಟು ಕೇಳುವುದು ಕಷ್ಟ. ಗೆಲ್ಲುವ ಕೋಚ್ ತಾನೇ ಹೋಗಿ ಕೇಳಬೇಕು.

ರನ್ನಿಂಗ್ ಕ್ಲಾಕ್‌ನಿಂದ ಒಂದು ನಷ್ಟ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಆಗಸ್ಟ್ ಬಿಸಿಲಿನಲ್ಲಿ ಎಲ್ಲರ ಜೊತೆ ಬೆವರು ಸುರಿಸಿ, ಇಡೀ ಸೀಸನ್ ಬೆಂಚಿನಲ್ಲಿ ಕೂತ ಹುಡುಗರು ಎರಡೂ ತಂಡದಲ್ಲಿ ಇರುತ್ತಾರೆ. ಅವರಿಗೆ ಮೈದಾನ ಸಿಗುವುದು ಇಂಥ ಪಂದ್ಯದ ಕೊನೆಯಲ್ಲೇ. ಆ ಹೊತ್ತಿಗೆ ಗಡಿಯಾರ ದಡದಡ ಓಡುತ್ತಿರುತ್ತದೆ. ಒಬ್ಬೊಬ್ಬನಿಗೆ ನಾಲ್ಕು ಸಲ ಆಡೋಕೆ ಸಿಕ್ಕರೆ ಹೆಚ್ಚು.

ಹೋದ ವರ್ಷ ಅಂಥದೇ ಒಂದು ರಾತ್ರಿ, 1:10 ಉಳಿದಿತ್ತು. ಸೋಲುತ್ತಿದ್ದ ತಂಡದ ಕೋಚ್ ಟೈಮ್‌ಔಟ್ ಕೇಳಿದರು. ಗ್ಯಾಲರಿಯಲ್ಲಿ ಕೆಲವರು ಗೊಣಗಿದರು, ಕೆಲವರು ಕುರ್ಚಿ ಮಡಚಿಕೊಂಡು ಎದ್ದೇ ಬಿಟ್ಟರು. ನಾನು ಸ್ವಿಚ್ ಎತ್ತಿಕೊಂಡು ನಿಲ್ಲಿಸಿದೆ. ಬೆಂಚಿನಿಂದ ಒಬ್ಬ ಪುಟ್ಟ ಹುಡುಗ ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತಾ ಓಡಿ ಬಂದ. ಜೆರ್ಸಿ ಮೊಣಕಾಲಿನ ತನಕ ಬರುತ್ತಿತ್ತು, ಒಂದು ಚೂರೂ ಮಣ್ಣಾಗಿರಲಿಲ್ಲ. ಪಟ್ಟಿ ಕೂರುತ್ತಿರಲಿಲ್ಲ. ರೆಫ್ರಿ ಅವನ ಹತ್ತಿರ ಹೋಗಿ, ಬಗ್ಗಿ, ತಾವೇ ಸರಿಮಾಡಿಕೊಟ್ಟರು. ಆಮೇಲೆ ಹಿಂದೆ ಸರಿದು, ನನ್ನ ಕಿಟಕಿಯ ಕಡೆ ಒಮ್ಮೆ ನೋಡಿ, ಕೈ ಸುತ್ತಿದರು.