ಖಾರದ ಕೂಟ: ಉರಿ ಅವರದು, ತಂಪು ನಮ್ಮದು

ವರ್ಷಕ್ಕೊಮ್ಮೆ ಮನೆಯಲ್ಲಿ ನಡೆಸುವ ಖಾರದ ಪಾಟ್‌ಲಕ್‌ಗೆ ನಾನು ಖಾರದ ಅಡುಗೆ ಮಾಡುವುದೇ ಇಲ್ಲ. ಅದನ್ನು ಬರುವವರು ತರುತ್ತಾರೆ. ಎಲ್ಲರೂ ಹುಮ್ಮಸ್ಸಿನಲ್ಲಿ ಉರಿಯುವಂಥದ್ದನ್ನೇ ಮಾಡಿಕೊಂಡು ಬರುವುದರಿಂದ ಮೊದಲು ತಳ ಕಾಣುವುದು ಅನ್ನದ ಪಾತ್ರೆ. 12 ಜನರಿಗೆ ಒಂದೂವರೆ ಕಿಲೋ ಅಕ್ಕಿ, 2 ಕಿಲೋ ಗಟ್ಟಿ ಮೊಸರು, 3 ಲೀಟರ್ ತಣ್ಣನೆ ಹಾಲು, 2 ಕಿಲೋ ಸೌತೆಕಾಯಿ ಇಡುತ್ತೇನೆ. ಉರಿ ಹುಟ್ಟಿಸುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ನೀರು ಕುಡಿದರೆ ಕ್ಷಣಕಾಲ ತಂಪೆನಿಸುತ್ತದೆ, ಅಷ್ಟೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ಬಾಯಿಂದ ಇಳಿಸುತ್ತದೆ. ಬಾದಾಮಿ ಹಾಲಿನಲ್ಲಿ ಕೇಸಿನ್ ಇಲ್ಲ. ಸೋಡಾ ಕುಡಿದರಂತೂ ಉರಿಯುವ ನಾಲಿಗೆಗೆ ಇನ್ನಷ್ಟು ಚುಚ್ಚಿದಂತೆ.

ನಾಲ್ಕು ವಾರ ಮೊದಲೇ ಯಾರು ಏನು ತರಬೇಕೆಂದು ಹಂಚುತ್ತೇನೆ. ಎಂಟು ಬಗೆ ಸಾಕು: ಮೂರು ಎಳೆ ಖಾರ, ಮೂರು ನಡು ಖಾರ, ಒಂದು ಕಟು ಖಾರ, ಒಂದು ಧೈರ್ಯವಂತರಿಗೆ. ಒಬ್ಬೊಬ್ಬರೂ ಎಲ್ಲದರ ರುಚಿ ನೋಡುವುದರಿಂದ ಒಂದು ಬಗೆಯಲ್ಲಿ ತಲೆಗೆ 75 ಮಿಲಿ ಸಿಕ್ಕರೆ ಆಯಿತು, ಅಂದರೆ 900 ಮಿಲಿ. ಕೊನೆಯದು ಕಾಲು ಲೀಟರ್ ಇದ್ದರೂ ಮಿಗುತ್ತದೆ. ಒಗ್ಗರಣೆ ಅವರವರ ಮನೆಯಲ್ಲೇ ಮುಗಿದಿರಬೇಕು. ನಮ್ಮ ಒಲೆಯ ಮೇಲೆ ಒಂದು ಒಣಮೆಣಸಿನಕಾಯಿ ಕರಿದರೂ ಘಾಟು ಏರಿ ಊಟಕ್ಕೆ ಕೂತವರೆಲ್ಲ ಕೆಮ್ಮತೊಡಗುತ್ತಾರೆ.

ಕಷ್ಟದ ಕೆಲಸ ಪ್ರತಿ ಪಾತ್ರೆಗೆ ಎಷ್ಟು ಖಾರವೆಂದು ಚೀಟಿ ಬರೆಯುವುದು. ‘ಅಷ್ಟೇನೂ ಖಾರ ಇಲ್ಲ’ ಎಂಬ ಮಾತನ್ನು ನಂಬುವಂತಿಲ್ಲ. ಮಾಡುತ್ತ ಮಾಡುತ್ತ ರುಚಿ ನೋಡಿದವರ ನಾಲಿಗೆ ಆಗಲೇ ಪಳಗಿರುತ್ತದೆ. ಹಾಗಾಗಿ ಕೇಳುವುದು ಎರಡೇ ಪ್ರಶ್ನೆ: ಯಾವ ಮೆಣಸಿನಕಾಯಿ, ಲೀಟರಿಗೆ ಎಷ್ಟು? ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ ಹಲಪೆನ್ಯೊ 2,500ರಿಂದ 8,000, ಹಬನೆರೊ ಒಂದು ಲಕ್ಷದಿಂದ ಮೂರೂವರೆ ಲಕ್ಷ. ‘ಎರಡೇ ಹಾಕಿದ್ದು’ ಎಂದರೆ ಏನೂ ತಿಳಿಯುವುದಿಲ್ಲ. ಬೀಜ ತೆಗೆದಿದ್ದೇನೆ ಎಂದರೂ ಅಷ್ಟೆ. ಖಾರ ಹೆಚ್ಚಿರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಆಮೇಲೆ ಖಾರ ತಾಳದವರೊಬ್ಬರಿಂದ ಅರ್ಧ ಚಮಚ ರುಚಿ ನೋಡಿಸುತ್ತೇನೆ, ಎಳೆ ಖಾರದಿಂದ ಶುರುಮಾಡಿ. ಒಂದರ ಹಿಂದೆ ಒಂದು ತಿಂದರೆ ಉರಿ ಪೇರಿಸಿಕೊಂಡು ನಾಲ್ಕನೆಯದು ಇರುವುದಕ್ಕಿಂತ ಖಾರವೆನಿಸುತ್ತದೆ. ಉರಿ ಆರಿ ಸ್ವಲ್ಪ ಹೊತ್ತಾದ ಮೇಲೆ ತಿಂದರೆ ಮರಗಟ್ಟಿದ ನಾಲಿಗೆಗೆ ಅದೇ ಸಪ್ಪೆ! ಆದ್ದರಿಂದ ಎರಡೆರಡಕ್ಕೇ ನಿಲ್ಲಿಸಿ, ಉಳಿದದ್ದನ್ನು ಬೇರೆಯವರಿಗೆ ಕೊಡುತ್ತೇನೆ. ಚೀಟಿಯಲ್ಲಿ ಒಂದರಿಂದ ಐದು ಮೆಣಸಿನಕಾಯಿ ಚಿತ್ರ, ಕೆಳಗೆ ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಸಿಗಡಿ ಇದ್ದರೆ ಅದರ ಹೆಸರು.

ಮೇಜಿನ ಒಂದು ತುದಿಯಿಂದ ಖಾರ ಏರುತ್ತ ಹೋಗುವ ಹಾಗೆ ಪಾತ್ರೆ ಜೋಡಿಸಿ, ಹಾಲು ಮೊಸರನ್ನು ಕಟು ಖಾರದ ಪಕ್ಕದಲ್ಲೇ ಇಡಬೇಕು. ಪ್ರತಿ ಪಾತ್ರೆಗೂ ಅದರದೇ ಸೌಟು, ಹಿಡಿಗೆ ಚೀಟಿಯ ಬಣ್ಣದ್ದೇ ದಾರ. ಕಟು ಖಾರದ ಸೌಟು ಒಮ್ಮೆ ಎಳೆ ಖಾರದಲ್ಲಿ ಅದ್ದಿದರೆ ಮಕ್ಕಳ ಊಟ ಕೆಟ್ಟಂತೆಯೇ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗಿಳಿಯಬಾರದು. ಆದರೆ ಮುಚ್ಚಳ ತೆರೆದು ಕಾಯಿಸುತ್ತಿದ್ದರೆ ಗೊಜ್ಜು ಬತ್ತಿ ಎರಡರ ಚೀಟಿ ಮೂರಕ್ಕೆ ಏರುತ್ತದೆ. ಅರ್ಧ ಗಂಟೆಗೊಮ್ಮೆ ಕದಡಿ, ಬತ್ತಿದಷ್ಟೇ ಬಿಸಿನೀರು ಸೇರಿಸುತ್ತೇನೆ. ಬಿಸಿಯಿಲ್ಲದೆ ಹೊರಗಿಟ್ಟದ್ದು ಎರಡು ಗಂಟೆ ದಾಟಿದರೆ ಚೆಲ್ಲುವುದೇ.

ಲಕ್ಷಗಟ್ಟಲೆ ಸ್ಕೋವಿಲ್ಲಿನ ಸಾಸ್ ಮೇಜಿಗೆ ಬರುವುದಿಲ್ಲ. ಕೇಳಿದ ದೊಡ್ಡವರಿಗೆ ಮಾತ್ರ, ಹಲ್ಲುಕಡ್ಡಿಯ ತುದಿಯಲ್ಲಿ, ಊಟ ಅರ್ಧ ಆದ ಮೇಲೆ. ಖಾಲಿ ಹೊಟ್ಟೆಗೆ ಬಿದ್ದರೆ ಹೊಟ್ಟೆ ಹಿಂಡುತ್ತದೆ.

ಬಚ್ಚಲುಮನೆ ಬಾಗಿಲಿಗೆ ‘ಒಳಗೆ ಹೋಗುವ ಮುಂಚೆಯೂ ಕೈ ತೊಳೆಯಿರಿ’ ಎಂದು ಅಂಟಿಸುತ್ತೇನೆ. ಓದಿ ನಗುವವರೇ ಎಲ್ಲ, ಮೊದಲ ಸಲ. ಕೈಗೆ ಒಂದು ಚಮಚ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆಯಬೇಕು. ಕಣ್ಣಿನ ಲೆನ್ಸ್ ಹಾಕಿಕೊಂಡವರು ಅದನ್ನು ಊಟಕ್ಕೆ ಮೊದಲೇ ತೆಗೆಯುವುದು ಒಳ್ಳೆಯದು.

ಕೊನೆಗೆ ಪುಸ್ತಕದಲ್ಲಿ ಬರೆಯುವುದು ಉಳಿದದ್ದರ ಲೆಕ್ಕ ಮಾತ್ರ. ಕಟು ಖಾರ ಅರ್ಧಕ್ಕಿಂತ ಹೆಚ್ಚು ಮಿಕ್ಕಿದ್ದರೆ ಮುಂದಿನ ವರ್ಷ ಅದು ಅರ್ಧ ಲೀಟರ್. ಹಾಲು ಮುಗಿದಿದ್ದರೆ ಇನ್ನೊಂದು ಲೀಟರ್ ಜಾಸ್ತಿ.