ಗೈಡ್‌ವೈರ್ ಸಿಕ್ಕಿಕೊಂಡಾಗ ನಾನು ಮಾಡಿದ್ದು

ಹಾಸನದ ಐಸಿಯುವಿನಲ್ಲಿ ಸೆಂಟ್ರಲ್ ಲೈನ್, ಅಂದರೆ ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕುವುದು ನನ್ನ ದಿನನಿತ್ಯದ ಕೆಲಸ. ಸಕಲೇಶಪುರ, ಅರಸೀಕೆರೆ ಕಡೆಯಿಂದ ಬಿಪಿ ಬಿದ್ದುಹೋಗಿ ಬರುವ ರೋಗಿಗಳಿಗೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಔಷಧಿ ಕೊಡಲು ಸಾಮಾನ್ಯವಾಗಿ ಇದು ಬೇಕಾಗುತ್ತದೆ. ಅಲ್ಟ್ರಾಸೌಂಡ್ ಬಂದ ಮೇಲೆ ಸೂಜಿ ವೇನ್‌ಗೆ (ರಕ್ತನಾಳಕ್ಕೆ) ಹೋಗುವುದು ಸಲೀಸಾಗಿದೆ. ನನಗೆ ಭಯವಿರುವುದು ಅದರ ಮುಂದಿನ ಹೆಜ್ಜೆಯ ಬಗ್ಗೆ, ಸೂಜಿಯೊಳಗಿಂದ ಇಳಿಸಿ ಕ್ಯಾಥೆಟರ್‌ಗೆ ದಾರಿ ಮಾಡುವ ಗೈಡ್‌ವೈರ್ ಬಗ್ಗೆ.

ಒಮ್ಮೆ ವಯಸ್ಸಾದ ತಾಯಿಯೊಬ್ಬರಿಗೆ ಕತ್ತಿನ ಬಲಗಡೆಯ ಜುಗುಲರ್ ವೇನ್‌ನಲ್ಲಿ ಸೂಜಿ ಹಾಕಿದ್ದೆ. ರಕ್ತ ಚೆನ್ನಾಗಿ ಬಂತು. ವೈರ್ ಸ್ವಲ್ಪ ದೂರ ಹೋಗಿ ನಿಂತಿತು. ಹಿಂದಕ್ಕೆ ತೆಗೆಯಲು ನೋಡಿದರೆ ಸೂಜಿಯೊಳಗೇ ಕಚ್ಚಿಕೊಂಡಿದೆ.

"ಇನ್ನೊಂಚೂರು ಎಳೀರಿ ಸರ್, ಬಂದ್ಬಿಡುತ್ತೆ."

"ಬೇಡ ಸಿಸ್ಟರ್, ಗಾಜ್ ಕೊಡಿ."

ವೈರ್ ಎಂದರೆ ಒಳಗೊಂದು ತಂತಿ, ಅದರ ಸುತ್ತ ಸುತ್ತಿದ ತೆಳು ಸುರುಳಿ. ಸೂಜಿಯ ಚೂಪಾದ ಅಂಚಿಗೆ ಒತ್ತಿ ಎಳೆದರೆ ಬಾಲ್‌ಪೆನ್ ಸ್ಪ್ರಿಂಗಿನ ಹಾಗೆ ಸುರುಳಿ ಬಿಚ್ಚಿಕೊಳ್ಳಬಹುದು, ತುಂಡಾಗಲೂಬಹುದು. ತುಂಡು ಹೃದಯದ ಕಡೆಗೇ ಹೋಗುತ್ತದೆ. ಅದಕ್ಕೇ ಸೂಜಿ, ವೈರ್ ಎರಡನ್ನೂ ಒಟ್ಟಿಗೆ ಹೊರಗೆ ತೆಗೆದು ಒತ್ತಿ ಹಿಡಿದೆ. ಬೆಳಕಿಗೆ ಹಿಡಿದಾಗ ಜೆ ಅಕ್ಷರದಂತೆ ಬಾಗಿದ ತುದಿಯ ಹಿಂದೆ ವೈರ್ ಮಡಚಿದ್ದು ಕಂಡಿತು.

ಅದನ್ನು ನೇರ ಮಾಡಿ ಮತ್ತೆ ಬಳಸಲಿಲ್ಲ, ಹೊಸ ಕಿಟ್ ಒಡೆಸಿದೆ. ದುಡ್ಡಿನ ಮಾತು ಬರುತ್ತದೆ, ಬರಲಿ. ಮಡಚಿದ ವೈರ್ ಮೇಲೆ ಡೈಲೇಟರ್ (ದಾರಿ ಅಗಲಿಸುವ ಗಟ್ಟಿ ಕೊಳವೆ) ತಳ್ಳಿದರೆ ಅದು ದಾರಿ ತಪ್ಪಿ ವೇನ್‌ನ ಗೋಡೆ ಹರಿಯಬಹುದು. ಆದ್ದರಿಂದ ಡೈಲೇಟರ್ ಹಾಕುವಾಗ ನಡುನಡುವೆ ವೈರನ್ನು ಹಿಂದೆಮುಂದೆ ಆಡಿಸಿ ನೋಡುತ್ತೇನೆ. ಸರಾಗವಾಗಿ ಆಡದಿದ್ದರೆ ಅಲ್ಲೇ ನಿಲ್ಲಿಸುತ್ತೇನೆ. ಡೈಲೇಟರನ್ನು ಪೂರ್ತಿ ಉದ್ದಕ್ಕೆ ತುರುಕುವ ಅಗತ್ಯವೂ ಇಲ್ಲ. ಚರ್ಮದಿಂದ ವೇನ್‌ವರೆಗೆ ದಾರಿಯಾದರೆ ಸಾಕು.

ಎರಡನೇ ವೈರ್ ಸಲೀಸಾಗಿ ಹೋಯಿತು. 20 ಸೆಂ.ಮೀ. ಸೂಚಿಸುವ ಜೋಡಿ ಗೆರೆ ದಾಟಿಸಲಿಲ್ಲ, ಆಳಕ್ಕೆ ಹೋದರೆ ಮಾನಿಟರ್‌ನಲ್ಲಿ ಬಡಿತ ತಪ್ಪುವುದು ಕಾಣುತ್ತದೆ. ಕ್ಯಾಥೆಟರ್‌ನ ಕೊನೆಯ ಪೋರ್ಟಿನಿಂದ ವೈರ್ ಬಾಲ ಹೊರಬಂದು ಕೈಗೆ ಸಿಕ್ಕ ಮೇಲೆಯೇ ಕ್ಯಾಥೆಟರನ್ನು ಒಳಗೆ ತಳ್ಳಿದೆ. ಇದೊಂದು ತಪ್ಪಿದರೆ ಇಡೀ ವೈರ್ ರೋಗಿಯೊಳಗೆ ಹೋಗಿಬಿಡಬಹುದು. ತೆಗೆದ ವೈರಿನ ತುದಿ ಸಿಸ್ಟರ್‌ಗೆ ತೋರಿಸಿ, "ಪೂರ್ತಿ ಇದೆ" ಎಂದು ಕೇಸ್ ಶೀಟಿನಲ್ಲಿ ಬರೆದೆವು. ಆಮೇಲೆ ಎಕ್ಸ್‌ರೇ.

ಮಡಚಿದ ವೈರ್ ಎಸೆಯಲಿಲ್ಲ. ಕವರಿನ ಮೇಲಿದ್ದ ಬ್ಯಾಚ್ ನಂಬರ್ ಬರೆದಿಟ್ಟುಕೊಂಡೆ. ಇಂಥ ಉಪಕರಣಗಳ ತೊಂದರೆ ತಿಳಿಸಲು 2015ರಿಂದ ನಮ್ಮ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವಿದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಫಾರಂ ತುಂಬಿ ಕಳಿಸಿದೆ.