ಒಂದು ಶಿಮ್ ತೆಗೆದೆ, ಕಂಪ್ರೆಸರ್ ಉಳಿಯಿತು

ಈ ಬೇಸಿಗೆಯಲ್ಲಿ ಕಲಬುರಗಿಯಿಂದ ಹೈದರಾಬಾದಿಗೆ ನಾಲ್ಕು ಬಾರಿ ಹೋಗಿಬಂದೆ. ಎಸಿ ಒಮ್ಮೆಯೂ ನಿಲ್ಲಲಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಹೋದ ವರ್ಷ ಇದೇ ಕಾರಿಗೆ ಸರ್ವಿಸ್ ಸೆಂಟರಿನವರು ಹೇಳಿದ ಅಂದಾಜು ಕಂಪ್ರೆಸರ್, ಗ್ಯಾಸ್, ಕೂಲಿ ಸೇರಿ 31,000 ರೂಪಾಯಿಯ ಆಸುಪಾಸು. ವಾರಂಟಿ ಮುಗಿದು ಎರಡು ವರ್ಷವಾಗಿತ್ತು.

ಬೆಳಿಗ್ಗೆ ಎಸಿ ತಣ್ಣಗೆ ಬರುತ್ತಿತ್ತು. ಮಧ್ಯಾಹ್ನ ಸೇಡಂ ತಲುಪುವ ಹೊತ್ತಿಗೆ ಬಿಸಿಗಾಳಿ. ಒಂದು ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಸರಿ. ಗ್ಯಾಸ್ ಕಡಿಮೆ ಎಂದರು. ಎರಡು ಸಲ ತುಂಬಿಸಿದೆ, 3,600 ಹೋಯಿತು. ಗ್ಯಾಸ್ ಇಲ್ಲದಿದ್ದರೆ ಬೆಳಿಗ್ಗೆ ಮಾತ್ರ ಹೇಗೆ ತಣ್ಣಗಾಗುತ್ತದೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ರಿಲೇಗೆ 350, ಪ್ರೆಷರ್ ಸ್ವಿಚ್‌ಗೆ 1,400ರಷ್ಟು. ಎಲ್ಲವೂ ವ್ಯರ್ಥ.

ಒಂದು ದಿನ ಎಸಿ ನಿಂತ ಕೂಡಲೇ ಬಾನೆಟ್ ತೆರೆದೆ. ಕಂಪ್ರೆಸರಿನ ಪುಲ್ಲಿ ಬೆಲ್ಟಿನ ಜೊತೆ ತಿರುಗುತ್ತಿತ್ತು, ಅದಕ್ಕೆ ಅಂಟಿಕೊಂಡು ಕಂಪ್ರೆಸರನ್ನು ತಿರುಗಿಸಬೇಕಾದ ಕ್ಲಚ್ ಪ್ಲೇಟ್ ಅಲುಗುತ್ತಿರಲಿಲ್ಲ. ಪ್ಲೇಟನ್ನು ಅಯಸ್ಕಾಂತದಂತೆ ಸೆಳೆಯುವ ಕಾಯಿಲ್‌ನ ವೈರಿನಲ್ಲಿ 13 ವೋಲ್ಟ್‌ಗೂ ಹೆಚ್ಚು ಬರುತ್ತಿತ್ತು. ಎಂಜಿನ್ ನಿಲ್ಲಿಸಿ, ಬಾಟಲಿಯಲ್ಲಿದ್ದ ನೀರನ್ನು ಕ್ಲಚ್ ಮೇಲೆ ಸುರಿದು ಮತ್ತೆ ಸ್ಟಾರ್ಟ್ ಮಾಡಿದೆ. ಟಕ್ ಎಂದು ಹಿಡಿಯಿತು! ಅಲ್ಲಿಗೆ ಕಂಪ್ರೆಸರ್ ಸತ್ತಿಲ್ಲ ಎಂದು ಖಚಿತವಾಯಿತು. ಮನೆಗೆ ಬಂದು ಕಾಯಿಲ್ ಅಳೆದೆ: ತಣ್ಣಗಿದ್ದಾಗ 3.6 ಓಮ್, ಬಿಸಿಯಲ್ಲಿ 4.4. ಬಿಸಿಯಾದಾಗ ಸೆಳೆತ ಕುಗ್ಗುತ್ತಿತ್ತು. ಜೊತೆಗೆ 90,000 ಕಿಲೋಮೀಟರ್ ಓಡಿ ಪ್ಲೇಟ್ ಸವೆದಿತ್ತು. ಸಂದು ಅಳೆಯುವ ಫೀಲರ್ ಗೇಜ್ ಇಟ್ಟಾಗ ಪ್ಲೇಟಿಗೂ ಪುಲ್ಲಿಗೂ ನಡುವಿನ ಅಂತರ 0.9 ಮಿಲಿಮೀಟರ್, ಇರಬೇಕಾದದ್ದು 0.3ರಿಂದ 0.6. ಪ್ಲೇಟಿನ ಒಳಗಿನ ಶಿಮ್, ಅಂದರೆ ತೆಳು ವಾಷರ್, ತೆಗೆದರೆ ಅಂತರ ಕಡಿಮೆಯಾಗುತ್ತದೆ ಎಂದುಕೊಂಡೆ.

“ಸರ್, ವಾಷರ್ ತೆಗೆದರೆ ಎಸಿ ಸರಿಹೋಗುವುದಾದರೆ ನಾವೆಲ್ಲ ಅಂಗಡಿ ಮುಚ್ಚಬೇಕು” ಎಂದರು ನಮ್ಮ ಓಣಿಯ ಮೆಕ್ಯಾನಿಕ್. ಇರುವ ಎಸಿಯನ್ನೂ ಕೆಡಿಸುತ್ತೇನೆ ಎಂದು ಭಾವನೂ ತಡೆದ. ನಾನು ಕೇಳಲಿಲ್ಲ. ಅಂಗಳದ ಶಹಾಬಾದ್ ಕಲ್ಲು ಕಾಯುವ ಮುನ್ನ, ಬೆಳಿಗ್ಗೆ ಆರಕ್ಕೇ ಕೆಲಸಕ್ಕಿಳಿದೆ. ಗ್ಯಾಸ್ ಮುಟ್ಟುವ ಪ್ರಶ್ನೆಯೇ ಇಲ್ಲ, ಕ್ಲಚ್ ಹೊರಗಿನದು. ಮಧ್ಯದ ಬೋಲ್ಟ್ ಬಿಚ್ಚಿ ಪ್ಲೇಟ್ ತೆಗೆದರೆ ಒಳಗೆ ಎರಡು ಶಿಮ್. ಆತುರದಲ್ಲಿ ಎರಡನ್ನೂ ತೆಗೆದುಬಿಟ್ಟೆ. ಎಸಿ ಹಾಕದಿದ್ದರೂ ಪ್ಲೇಟ್ ಪುಲ್ಲಿಗೆ ಉಜ್ಜಿ, ಹತ್ತು ಕಿಲೋಮೀಟರಿನಲ್ಲೇ ಸುಟ್ಟ ವಾಸನೆ ಬಂದಿತು. ಬೇರಿಂಗ್ ಉಳಿದದ್ದು ಪುಣ್ಯ. ಮರುದಿನ ತೆಳುವಾದದ್ದನ್ನು ಮತ್ತೆ ಹಾಕಿದೆ. ಅಂತರ 0.4ಕ್ಕೆ ಬಂದಿತು. ಒಂದೇ ಕಡೆ ಅಳೆದು ನಂಬಬೇಡಿ, ಸುತ್ತಲೂ ಮೂರು ಕಡೆ ನೋಡಿ.

ತುಕ್ಕು ಹಿಡಿದು ಕೂತಿದ್ದ ಪ್ಲೇಟನ್ನು ಪುಲ್ಲರ್ ಎಂಬ ಎಳೆಯುವ ಸಾಧನವಿಲ್ಲದೆ, ಕಂಪ್ರೆಸರ್ ಇಳಿಸದೆ ಹೊರತೆಗೆದ ಉಪಾಯಕ್ಕೆ ನನಗೆ ಎರಡು ಭಾನುವಾರ ಹಿಡಿದವು. ಅದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಪ್ಲೇಟ್ ಬಾಗುತ್ತದೆ.

ಅದೇ ಹುರುಪಿನಲ್ಲಿ, ಗ್ಯಾಸಿನ ಬಿಸಿ ಹೊರಹಾಕುವ ಮುಂಭಾಗದ ಕಂಡೆನ್ಸರ್ ಕೂಡ ತೊಳೆದೆ. ಮೆಲ್ಲಗೆ ನೀರು ಬಿಟ್ಟಾಗ ತೊಗರಿ ಹೊಟ್ಟು, ಸತ್ತ ಹುಳು, ಕೆಂಪು ಮಣ್ಣು ರಾಶಿಯಾಗಿ ಇಳಿದವು. ವೆಂಟಿನಲ್ಲಿ 11 ಡಿಗ್ರಿ ಇದ್ದದ್ದು ಎಂಟರ ಹತ್ತಿರ ಬಂದಿತು. ಇದನ್ನು ಮೊದಲೇ ಮಾಡಬೇಕಿತ್ತು.

ಈಗ ಭಾವನೇ ತನ್ನ ಕಾರು ತಂದ. ಅದರಲ್ಲಿ ಕಾಯಿಲ್ಲೇ ಸುಟ್ಟಿತ್ತು, ಶಿಮ್ ಆಟ ನಡೆಯಲಿಲ್ಲ. ಕಾಯಿಲ್ ಒಂದನ್ನೇ ತರಿಸಿ, 2,200ರಲ್ಲಿ ಮುಗಿಸಿಕೊಟ್ಟೆ. ನನ್ನ ಕಾರಿನಿಂದ ತೆಗೆದ ಶಿಮ್ ಆರ್‌ಸಿ ಜೊತೆ ಕವರಿನಲ್ಲಿದೆ. ಮುಂದೆ ಹೊಸ ಪ್ಲೇಟ್ ಹಾಕಿಸಿದರೆ ಅದು ಮತ್ತೆ ಬೇಕಾಗುತ್ತದೆ.